ಬೆಳಗಿನ ಗುಳಿಗೆ, ಸಂಜೆಯ ಮನಸ್ಸು

ನಾನು 14 ವರ್ಷ ಕುಡಿದವನು. ಬಿಟ್ಟು 9 ವರ್ಷವಾಯಿತು. ಕುಡಿತ ಕಾಯಿಲೆಯೋ, ನಾವಾಗಿ ಆರಿಸಿಕೊಂಡದ್ದೋ ಎಂದು ಯಾರಾದರೂ ಕೇಳಿದರೆ, ಯಾವ ಹೊತ್ತಿನ ಮಾತು ಎಂದು ತಿರುಗಿ ಕೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ನನ್ನ ಕೈಯಲ್ಲಿರುತ್ತಿದ್ದ ಆಯ್ಕೆ ಸಂಜೆ ಏಳಕ್ಕೆ ಇರುತ್ತಿರಲಿಲ್ಲ.

ಮನಸ್ಸು ಮಾಡಿದರೆ ಬಿಡಬಹುದು ಎಂಬ ಮಾತನ್ನು ನಂಬಿ, ಮೊದಲ ಸಲ ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸಿದೆ. ಮರುದಿನ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅದರ ಅಂಚು ಹಲ್ಲಿಗೆ ಬಡಿದು ಕಟಕಟ ಎನ್ನುತ್ತಿತ್ತು; ಎರಡನೆಯ ರಾತ್ರಿ ಫಿಟ್ಸ್ ಬಂದು ಬಿದ್ದೆ. ನಿತ್ಯ ವಿಪರೀತ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಮೊದಲ 48 ಗಂಟೆಗಳಲ್ಲಿ ಫಿಟ್ಸ್, ಅದರ ಬೆನ್ನಿಗೇ ಸನ್ನಿ ಬರಬಹುದೆಂದೂ, ಅದರಿಂದ ಪ್ರಾಣವೇ ಹೋಗಬಹುದೆಂದೂ ತಿಳಿದದ್ದು ಆಸ್ಪತ್ರೆ ಸೇರಿದ ಮೇಲೆ. ಮದ್ಯ ಮೆದುಳಿನ ಚಟುವಟಿಕೆಯನ್ನು ಅದುಮುತ್ತದೆ. ವರ್ಷಗಟ್ಟಲೆ ಆ ಒತ್ತಡಕ್ಕೆ ಎದುರಾಗಿ ನೂಕುತ್ತಲೇ ಬಂದ ಮೆದುಳು, ಒತ್ತಡ ಇದ್ದಕ್ಕಿದ್ದಂತೆ ಇಲ್ಲವಾದಾಗ ಮುಗ್ಗರಿಸುತ್ತದೆ. ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು, ದಿನದಿನಕ್ಕೆ ಇಳಿಸುತ್ತ ಬಂದ ಶಾಮಕ ಮಾತ್ರೆಗಳು ಇವುಗಳಲ್ಲೇ ಕಳೆದ ಆ ವಾರದಲ್ಲಿ ನನ್ನ ಸಂಕಲ್ಪಕ್ಕೆ ಯಾವ ಕೆಲಸವೂ ಇರಲಿಲ್ಲ.

ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1956ರಲ್ಲೇ ಮದ್ಯವ್ಯಸನವನ್ನು ಕಾಯಿಲೆಯೆಂದು ಒಪ್ಪಿತ್ತು ಎಂದು ಅಲ್ಲಿನ ವೈದ್ಯರು ಹೇಳಿದಾಗ ಎದೆ ಹಗುರವಾಯಿತು. ಅಗತ್ಯಕ್ಕಿಂತ ಹೆಚ್ಚೇ ಹಗುರವಾಯಿತೆನ್ನಬೇಕು. ಏಕೆಂದರೆ ಮನೆಗೆ ಮರಳಿದ ಮೂರನೆಯ ತಿಂಗಳು ಮತ್ತೆ ಕುಡಿದು ಬಂದು, "ನಾನೇನು ಮಾಡಲಿ, ಇದು ಕಾಯಿಲೆ" ಎಂದು ಹೆಂಡತಿಯ ಬಾಯಿ ಮುಚ್ಚಿಸಿದೆ.

ಎರಡನೆಯ ಸಲ, ಯಕೃತ್ತಿನ ಪರೀಕ್ಷೆ ಮಾಡಿಸಿದ ನಂತರ ಡೈಸಲ್ಫಿರಾಮ್ ಬರೆದುಕೊಟ್ಟರು. ಈ ಗುಳಿಗೆ ಕುಡಿಯುವ ಆಸೆಯನ್ನೇನೂ ಕಡಿಮೆ ಮಾಡುವುದಿಲ್ಲ. ಮದ್ಯವು ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಅನಂತರ ಅಪಾಯವಿಲ್ಲದ ಅಸಿಟೇಟ್ ಆಗುತ್ತದೆ. ಎರಡನೆಯ ಹೆಜ್ಜೆಯನ್ನು ಗುಳಿಗೆ ತಡೆಯುವುದರಿಂದ ಆ ವಿಷ ಮೈಯಲ್ಲೇ ಉಳಿದು, ಗುಳಿಗೆ ನುಂಗಿ ಕುಡಿದವನಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ, ಕೆಲವೊಮ್ಮೆ ಜೀವಕ್ಕೇ ಅಪಾಯವಾಗುತ್ತದೆ. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಉಳಿಯಬಹುದು. (ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವವರಿದ್ದಾರೆ; ಅದು ಕೊಲೆಗೆ ಸಮೀಪದ ಕೆಲಸವೆಂದೇ ನನ್ನ ಅಭಿಪ್ರಾಯ.) ಸಂಜೆಯಿಡೀ ನೂರು ಸಲ ಬೇಡವೆನ್ನುವ ಬದಲು, ಬೆಳಿಗ್ಗೆ ತಲೆ ತಿಳಿಯಾಗಿರುವಾಗ ಒಂದೇ ಸಲ ಬೇಡವೆಂದರೆ ಸಾಕು ಎಂಬ ಲೆಕ್ಕ ನನಗೆ ಹಿಡಿಸಿತು.

ಒಂದು ದಿನ ಗುಳಿಗೆಯನ್ನು ಕೆನ್ನೆಯ ಸಂದಿಗೆ ತಳ್ಳಿ, ನೀರು ಕುಡಿದು, ಬಚ್ಚಲಿಗೆ ಹೋಗಿ ಉಗಿದೆ. ಅರ್ಧ ಕರಗಿದ ಬಿಳಿ ತುಣುಕು ಜಾಲರಿಯ ಮೇಲೆ ಉಳಿದಿದ್ದುದನ್ನು ಹೆಂಡತಿ ನೋಡಿದಳು. ಮುಂದೆ ಯಾವುದಾದರೂ ಸಂಜೆ ಕುಡಿಯಬೇಕೆಂದು ನಾನು ಇನ್ನೂ ತೀರ್ಮಾನಿಸಿಯೇ ಇರಲಿಲ್ಲ, ಸುಮ್ಮನೆ ದಾರಿಯೊಂದು ತೆರೆದಿರಲಿ ಎಂದುಕೊಂಡೆ ಎಂದು ವೈದ್ಯರ ಮುಂದೆ ವಾದಿಸಿದೆ. "ಉಗಿದಿರಲ್ಲ, ತೀರ್ಮಾನ ಅದೇ" ಎಂದರು. ಸಂಜೆಯವನಿಗೆ ಕಾಯಿಲೆಯ ನೆಪವಿತ್ತು. ಬಚ್ಚಲಲ್ಲಿ ನಿಂತಿದ್ದ, ಕೈ ನಡುಗದ ಆ ಮನುಷ್ಯನಿಗೆ ಯಾವ ನೆಪವೂ ಇರಲಿಲ್ಲ. ಮರುದಿನದಿಂದ ಗುಳಿಗೆಯನ್ನು ನೀರಿನಲ್ಲಿ ಕದಡಿ, ಅವಳ ಎದುರಿಗೇ ಲೋಟ ಬರಿದು ಮಾಡತೊಡಗಿದೆ.

ಹೀಗೆ 14 ತಿಂಗಳು ನಡೆಯಿತು. ಗುಳಿಗೆ ನಿಂತು ಬಹಳ ಕಾಲವಾದರೂ, ಸಂಜೆಯ ಹೊತ್ತು ಬರುವ ಯಾವ ಔತಣದ ಕರೆಗೂ ಆಗಲೇ ಹೂಂ ಎನ್ನುವುದಿಲ್ಲ. ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದು ಫೋನ್ ಇಡುತ್ತೇನೆ.