ಕೊಲೆಸ್ಟ್ರಾಲ್ ಇಳಿಸಬೇಕಾ? ಮೊದಲು ಎಣ್ಣೆ ಅಳೆಯಿರಿ

ಮೂರು ತಿಂಗಳು ದಿನಾ ಬೆಳಗ್ಗೆ ಎರಡು ಎಸಳು ಹಸಿ ಬೆಳ್ಳುಳ್ಳಿ. ರಾತ್ರಿ ಓಟ್ಸ್ ಗಂಜಿ. ಇಷ್ಟನ್ನೂ ತಪ್ಪದೆ ಮಾಡಿದ ನಮ್ಮ ಬೀದಿಯ ಹಿರಿಯರೊಬ್ಬರು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. 162 ಇದ್ದ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 160 ಆಗಿತ್ತು. "ಎಲ್ಲಾ ಬಿಟ್ಟಿದ್ದೀನಮ್ಮ, ಆದ್ರೂ ಇಳೀತಿಲ್ಲ" ಅಂತ ರಿಪೋರ್ಟ್ ನನ್ನ ಕೈಗೆ ಕೊಟ್ಟರು. ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ತರ್ತೀರಿ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅವರ ಹೆಂಡತಿಯೇ ಹೇಳಿದರು: "ಐದು ಲೀಟರ್ ಕ್ಯಾನು. ಪಾಮೋಲಿನ್. ಸರಿಯಾಗಿ ಒಂದು ತಿಂಗಳು ಬರುತ್ತೆ." ಮನೆಯಲ್ಲಿರುವುದು ಮೂರೇ ಜನ.

ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 55 ಮಿಲಿಲೀಟರ್. ಅಂದರೆ 11 ಟೀ ಚಮಚ.

ಡಯಟಿಷಿಯನ್ ಆಗಿ ಕೆಲಸ ಮಾಡುವ ನಾನು ಈ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಏನು ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಈಗ ತಿನ್ನುತ್ತಿರುವುದರಲ್ಲಿ ಏನು ಕಡಿಮೆ ಮಾಡಬೇಕು ಅಂತ ಕೇಳುವವರು ಬಹಳ ಕಮ್ಮಿ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಜನ ಸಾಲು ನಿಂತಿದ್ದರು. ಪರೀಕ್ಷೆ ಮಾಡಿಸಿಕೊಂಡದ್ದು ಒಳ್ಳೆಯದೇ. ಆದರೆ ರಿಪೋರ್ಟ್ ಬೀರು ಸೇರಿದ ಮೇಲೆ ಒಲೆ ಮುಂದೆ ಏನೂ ಬದಲಾಗದಿದ್ದರೆ ಏನು ಬಂತು?

1. ರಿಪೋರ್ಟ್ ಸರಿಯಾಗಿ ಓದಿ

ಒಟ್ಟು ಕೊಲೆಸ್ಟ್ರಾಲ್ ಒಂದನ್ನೇ ನೋಡಿ ಗಾಬರಿ ಆಗಬೇಡಿ, ನಿರಾಳವೂ ಆಗಬೇಡಿ. ಎಲ್‌ಡಿಎಲ್ 100ರ ಒಳಗಿದ್ದರೆ ಚೆನ್ನ. ಈಗಾಗಲೇ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಡಾಕ್ಟರು 70ರ ಒಳಗೆ, ಕೆಲವರಿಗೆ 55ರ ಒಳಗೇ ಇರಬೇಕು ಅನ್ನುತ್ತಾರೆ. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್, ಅದು 150ರ ಒಳಗಿರಲಿ. ಎಚ್‌ಡಿಎಲ್ ಅಂದರೆ ಒಳ್ಳೆ ಕೊಲೆಸ್ಟ್ರಾಲ್, ಗಂಡಸರಿಗೆ 40, ಹೆಂಗಸರಿಗೆ 50 ದಾಟಿರಲಿ.

ಯಾವ ಅಂಕಿ ಕೆಟ್ಟಿದೆ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತೆ. ಎಲ್‌ಡಿಎಲ್ ಜಾಸ್ತಿ ಇದ್ದರೆ ಮೊದಲು ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬನ್ನು: ಪಾಮ್ ಎಣ್ಣೆ, ತುಪ್ಪ, ಬೆಣ್ಣೆ, ಕೆನೆ, ತೆಂಗು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದರೆ ಸಕ್ಕರೆ, ರಾಶಿ ಅನ್ನ, ಮೈದಾ, ಮದ್ಯ ಮತ್ತು ಹೊಟ್ಟೆಯ ಸುತ್ತಳತೆ. ಎಲ್‌ಡಿಎಲ್ 190 ದಾಟಿದ್ದರೆ ಅದು ವಂಶದಲ್ಲೇ ಬಂದಿರಬಹುದು. ಪಥ್ಯ ಒಂದರಿಂದಲೇ ಅದು ಹದಕ್ಕೆ ಬರುವುದು ಕಷ್ಟ. ಡಾಕ್ಟರನ್ನು ನೋಡಿ, ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಂದವಾಗಿದ್ದರೂ ಎಲ್‌ಡಿಎಲ್ ಏರುತ್ತೆ, ಹಾಗಾಗಿ ಟಿಎಸ್ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಕೂಡ ಒಮ್ಮೆ ನೋಡಿಸಿಕೊಳ್ಳಿ.

2. ಎಣ್ಣೆ ಅಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ತಿಂಗಳು ಅಡುಗೆ ಬದಲಾಯಿಸಬೇಡಿ. ಎಣ್ಣೆ ಪ್ಯಾಕೆಟ್ ಒಡೆದ ದಿನ ಅಡುಗೆಮನೆ ಕ್ಯಾಲೆಂಡರ್ ಮೇಲೆ ಒಂದು ಗುರುತು ಹಾಕಿ. ಖಾಲಿಯಾದ ದಿನ ಇನ್ನೊಂದು. ತುಪ್ಪದ ಡಬ್ಬಿಗೂ ಹೀಗೇ ಮಾಡಿ. ತಿಂಗಳ ಕೊನೆಗೆ ಒಟ್ಟು ಲೀಟರನ್ನು ಮನೆ ಮಂದಿಯ ಸಂಖ್ಯೆಯಿಂದ ಭಾಗಿಸಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಬಂದರೆ ಸಾಕು, ಅಂದರೆ ದಿನಕ್ಕೆ ಮೂರು ಟೀ ಚಮಚದ ಆಸುಪಾಸು. ಎಷ್ಟೋ ಮನೆಗಳಲ್ಲಿ ಇದರ ಎರಡರಷ್ಟು, ಮೂರರಷ್ಟು ಬರುತ್ತೆ.

ಆಮೇಲೆ ಇಡೀ ಪ್ಯಾಕೆಟನ್ನು ಒಲೆ ಪಕ್ಕದ ಡಬ್ಬಿಗೆ ಸುರಿಯುವುದನ್ನು ನಿಲ್ಲಿಸಿ. ನಾಲ್ಕು ಜನರ ಮನೆಗೆ ವಾರಕ್ಕೆ ಅರ್ಧ ಲೀಟರಿಗಿಂತ ಕಡಿಮೆಯೇ ಸಾಕು. ವಾರದ ಎಣ್ಣೆಯನ್ನು ಒಂದು ಚಿಕ್ಕ ಬಾಟಲಿಗೆ ಹಾಕಿ, ಉಳಿದದ್ದನ್ನು ಕೈಗೆ ಸುಲಭವಾಗಿ ಸಿಗದ ಜಾಗದಲ್ಲಿಡಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯಬೇಡಿ. ಒಂದು ಟೀ ಚಮಚ ಯಾವಾಗಲೂ ಅಲ್ಲೇ ಇರಲಿ. ಎಣ್ಣೆ ಸ್ಪ್ರೇ ಬಾಟಲಿಗೆ ದುಡ್ಡು ಹಾಕಬೇಡಿ. ಎರಡು ವಾರದಲ್ಲಿ ಅದರ ಮೂತಿ ಕಟ್ಟಿಕೊಳ್ಳುತ್ತೆ, ಆಮೇಲೆ ಮುಚ್ಚಳ ತೆಗೆದು ಸುರಿಯುವುದೇ ಆಗುತ್ತೆ.

ಈಗ ಒಗ್ಗರಣೆ. "ಒಂದು ಚಮಚದಲ್ಲಿ ಸಾಸಿವೆ ಸಿಡಿಯಲ್ಲ" ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ಅಗಲವಾದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹರಡಿ ತೆಳುವಾಗುತ್ತೆ, ಸಾಸಿವೆ ಸಿಡಿಯುವ ಮೊದಲೇ ಸೀಯುತ್ತೆ. ಅದಕ್ಕೇ ಕೈ ಮುಂದೆ ಹೋಗುತ್ತೆ. ಬಾಣಲೆ ಬಿಟ್ಟು ಒಗ್ಗರಣೆ ಸೌಟು ತೆಗೆದುಕೊಳ್ಳಿ. ಒಂದು ಟೀ ಚಮಚ ಎಣ್ಣೆ ಹಾಕಿ, ಸೌಟನ್ನು ಸ್ವಲ್ಪ ಓರೆ ಹಿಡಿಯಿರಿ. ಎಣ್ಣೆ ಒಂದು ಮೂಲೆಗೆ ಬಂದು ನಿಲ್ಲುತ್ತೆ. ಚೆನ್ನಾಗಿ ಕಾದ ಮೇಲೆ ಆ ಮೂಲೆಗೇ ಸಾಸಿವೆ ಹಾಕಿ. ಚಟಪಟ ಅಂದ ಕೂಡಲೇ ಉರಿ ಆರಿಸಿ, ಆ ಬಿಸಿಯಲ್ಲೇ ಇಂಗು, ಕರಿಬೇವು, ಒಣಮೆಣಸಿನಕಾಯಿ. ನಾಲ್ಕು ಜನರ ಸಾರಿಗೆ ಇಷ್ಟೇ ಸಾಕು. ಘಮ ಸ್ವಲ್ಪವೂ ಕಮ್ಮಿ ಆಗಲ್ಲ.

ಪಲ್ಯಕ್ಕೆ ತರಕಾರಿಯನ್ನು ಎಣ್ಣೆಯಲ್ಲಿ ಬೇಯಿಸುವ ಅಗತ್ಯವಿಲ್ಲ. ಉಪ್ಪು ಹಾಕಿ, ನೀರು ಚಿಮುಕಿಸಿ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿಡಿ. ಒಗ್ಗರಣೆ ಕೊನೆಗೆ. ಉಪ್ಪಿಟ್ಟಿನ ರವೆಯನ್ನು ಎಣ್ಣೆ ಇಲ್ಲದೆ ಮೊದಲೇ ಹುರಿದಿಟ್ಟರೆ ಅರ್ಧ ಎಣ್ಣೆ ಉಳಿಯುತ್ತೆ. ದೋಸೆ ಕಾವಲಿಗೆ ಅರ್ಧ ಈರುಳ್ಳಿ ಹೋಳನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಮೇಲಿಂದ ಸುತ್ತ ಬಿಡಬೇಡಿ. ಬದನೆಕಾಯಿ ಎಣ್ಣೆಯನ್ನು ಸ್ಪಂಜಿನ ಹಾಗೆ ಹೀರುತ್ತೆ, ಎಣ್ಣೆಗಾಯಿ ಮಾಡುವುದಾದರೆ ಕಾಯಿಯನ್ನು ಮೊದಲು ಹಬೆಯಲ್ಲಿ ಬೇಯಿಸಿ. ಬೋಂಡ ಕರಿದು ಉಳಿದ ಎಣ್ಣೆಯನ್ನು ಮರುದಿನದ ಪಲ್ಯಕ್ಕೆ ಬಳಸುವ ಅಭ್ಯಾಸ ಬಿಟ್ಟುಬಿಡಿ.

ಯಾವ ಎಣ್ಣೆ? ಪಾಮೋಲಿನ್ ಬೇಡವೇ ಬೇಡ, ಅದು ಪಾಮ್ ಎಣ್ಣೆಯಿಂದಲೇ ಬರುವುದು. ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ 80 ಪರ್ಸೆಂಟಿಗೂ ಜಾಸ್ತಿ. ಕಡಲೆಕಾಯಿ ಎಣ್ಣೆ, ಕುಸುಬೆ ಎಣ್ಣೆ, ಸೂರ್ಯಕಾಂತಿ, ಯಾವುದಾದರೂ ಆದೀತು. ನನ್ನ ಮನೆಯಲ್ಲಿ ಕಡಲೆಕಾಯಿ ಎಣ್ಣೆ. ಒಳ್ಳೆ ಎಣ್ಣೆಯಾದರೂ ಒಂದು ಗ್ರಾಂಗೆ 9 ಕ್ಯಾಲೊರಿ ಇದ್ದೇ ಇರುತ್ತೆ, ಹಾಗಾಗಿ ಅಳತೆ ತಪ್ಪಬಾರದು. ಪ್ಯಾಕೆಟ್ ಮೇಲೆ ದೊಡ್ಡದಾಗಿ "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆದಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದೇ ಇಲ್ಲ, ಪಾಮೋಲಿನ್‌ನಲ್ಲಿ ಕೂಡ. ಪ್ಯಾಕೆಟ್ ತಿರುಗಿಸಿ ಸ್ಯಾಚುರೇಟೆಡ್ ಎಷ್ಟು ಅಂತ ಓದಿ.

3. ತೆಂಗು, ತುಪ್ಪ, ಬೇಕರಿ

ಕರಾವಳಿ, ಮಲೆನಾಡಿನವರು ಇದನ್ನು ಕೇಳಿದರೆ ಮುಖ ಸಪ್ಪಗಾಗುತ್ತೆ. ಆದರೂ ಹೇಳಲೇಬೇಕು. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಎಲ್‌ಡಿಎಲ್ ಇಳಿಸಬೇಕಾದವರು 2000 ಕ್ಯಾಲೊರಿ ಊಟದಲ್ಲಿ ಇದನ್ನು ದಿನಕ್ಕೆ 13 ಗ್ರಾಂ ಒಳಗಿಡಬೇಕು ಅನ್ನುವುದು ಅಮೆರಿಕದ ಹಾರ್ಟ್ ಅಸೋಸಿಯೇಷನ್ ಸಲಹೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೊಂದು ಕಾಯಿ ಒಡೆದರೆ ಚಟ್ನಿ, ಸಾಂಬಾರಲ್ಲೇ ಆ ಲೆಕ್ಕ ದಾಟಿಹೋಗುತ್ತೆ. ತೆಂಗು ಪೂರ್ತಿ ಬಿಡಿ ಅನ್ನುತ್ತಿಲ್ಲ. ಒಂದು ಕಾಯಿ ಮೂರು ದಿನ ಬರಲಿ. ಚಟ್ನಿಗೆ ಅರ್ಧಕ್ಕಿಂತ ಜಾಸ್ತಿ ಹುರಿಗಡಲೆ ಹಾಕಿ, ಇಲ್ಲವೇ ಹೀರೇಕಾಯಿ ಸಿಪ್ಪೆ ಚಟ್ನಿ ಮಾಡಿ. ಉತ್ತರ ಕರ್ನಾಟಕದ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿಗಳು ಈ ವಿಷಯದಲ್ಲಿ ನಿಜಕ್ಕೂ ಚಿನ್ನ.

ತುಪ್ಪ ದಿನಕ್ಕೆ ಒಂದು ಟೀ ಚಮಚ, ಅದೂ ಅಳೆದು. ಅಷ್ಟರಲ್ಲೇ 3 ಗ್ರಾಂ ಸ್ಯಾಚುರೇಟೆಡ್ ಬಂತು. ಹಾಲಿನ ಕೆನೆ ತೆಗೆದುಬಿಡಿ. ದಾವಣಗೆರೆ ಬೆಣ್ಣೆ ದೋಸೆ ದಾವಣಗೆರೆಗೆ ಹೋದಾಗ ತಿನ್ನಿ.

ಬೇಕರಿ ಪಫ್, ಖಾರ ಬಿಸ್ಕತ್ತು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತುಗಳನ್ನು ಜನ ಲೆಕ್ಕಕ್ಕೇ ತಗೊಳ್ಳಲ್ಲ, "ಸುಮ್ನೆ ಟೀ ಜೊತೆ ಒಂದು" ಅನ್ನುತ್ತಾರೆ. ಆ ಪದರ ಪದರ ಗರಿಗರಿ ಬರುವುದೇ ಗಟ್ಟಿ ಕೊಬ್ಬಿನಿಂದ. 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಕಾರ್ಖಾನೆಯಲ್ಲಿ ಎಣ್ಣೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಫ್ಯಾಟ್ 2 ಪರ್ಸೆಂಟ್ ಮೀರಬಾರದು ಅಂತ ದೇಶದಲ್ಲಿ ನಿಯಮ ಬಂದಿದೆ. ಅದು ಒಳ್ಳೆಯದಾಯಿತು. ಆದರೆ ಸ್ಯಾಚುರೇಟೆಡ್ ಕೊಬ್ಬು ಹೋಗಿಲ್ಲ. ವಾರಕ್ಕೆ ಒಂದು ಪಫ್, ಅಷ್ಟೇ. ಏರ್ ಫ್ರೈಯರ್ ಕೊಂಡು ಅದರಲ್ಲಿ ಫ್ರೋಜನ್ ಸಮೋಸಾ ಬಿಸಿ ಮಾಡುವವರಿಗೆ ಒಂದು ಮಾತು: ಅಂಥವನ್ನು ಸಾಮಾನ್ಯವಾಗಿ ಮೊದಲೇ ಕರಿದು ಪ್ಯಾಕ್ ಮಾಡಿರುತ್ತಾರೆ.

4. ನಾರು ಸೇರಿಸಿ

ಈಗ ಸೇರಿಸುವ ಸರದಿ. ನೀರಿನಲ್ಲಿ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಪಿತ್ತರಸವನ್ನು ಹಿಡಿದು ಹೊರಗೆ ಒಯ್ಯುತ್ತೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತೆ. ಇದು ಹುರುಳಿ, ಹೆಸರುಕಾಳು, ಅಲಸಂದೆ, ಅವರೆಕಾಳಿನಲ್ಲಿದೆ. ಬೆಂಡೆಕಾಯಿ ಲೋಳೆಯಲ್ಲಿದೆ. ರಾತ್ರಿ ನೆನೆಸಿದ ಮೆಂತ್ಯದಲ್ಲಿದೆ, ನೀರು ಮಾತ್ರ ಕುಡಿದು ಕಾಳು ಚೆಲ್ಲಬೇಡಿ, ಅಗಿದು ತಿನ್ನಿ. ದಿನಕ್ಕೊಂದು ಹೊತ್ತು ಕಾಳು, ಒಂದು ಹೊತ್ತು ಸೊಪ್ಪು ಇರಲಿ. ಹುರುಳಿ ಸಾರು ಮಾಡಿದರೆ ಬರೀ ಕಟ್ಟು ಬಸಿದುಕೊಂಡು ಕಾಳು ಬಿಡಬೇಡಿ, ಆ ಕಾಳಿನದೇ ಪಲ್ಯ ಮಾಡಿ.

ಓಟ್ಸ್ ಕೆಲಸ ಮಾಡುತ್ತೆ, ಆದರೆ ಪ್ರಮಾಣ ಬೇಕು. ಒಣ ಓಟ್ಸ್ ದಿನಕ್ಕೆ ಸುಮಾರು 75 ಗ್ರಾಂ ತಿಂದರೆ ಬೇಕಾದ 3 ಗ್ರಾಂ ಬೀಟಾ ಗ್ಲೂಕನ್ ಅನ್ನುವ ಕರಗುವ ನಾರು ಸಿಗುತ್ತೆ, ಎಲ್‌ಡಿಎಲ್ 5 ಪರ್ಸೆಂಟ್ ಆಸುಪಾಸು ಇಳಿಯಬಹುದು. ಒಂದೆರಡು ಚಮಚ ಗಂಜಿಯಿಂದ ಆಗುವ ಕೆಲಸವಲ್ಲ. ಉಪ್ಪು ತುಂಬಿದ ಮಸಾಲಾ ಓಟ್ಸ್ ಪ್ಯಾಕೆಟ್ ಬೇಡ. ನನ್ನ ಕೇಳಿದರೆ ಜವೆಗೋಧಿ (ಬಾರ್ಲಿ) ಇನ್ನೂ ಒಳ್ಳೆಯದು, ಅದರಲ್ಲೂ ಅದೇ ನಾರಿದೆ, ಕಿಚಡಿ ಮಾಡಿದರೆ ನಮ್ಮ ಬಾಯಿಗೆ ಹೊಂದುತ್ತೆ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ವಾರಕ್ಕೆರಡು ಸಲ, ಹುರಿದದ್ದಲ್ಲ, ಪುಳಿಮುಂಚಿ. ಮೊಟ್ಟೆ ದಿನಕ್ಕೊಂದು ತಿಂದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿ.

5. ನಡೆಯಿರಿ

ವಾರಕ್ಕೆ 150 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು. ನಡಿಗೆಯಿಂದ ಟ್ರೈಗ್ಲಿಸರೈಡ್ ಇಳಿಯುತ್ತೆ, ಎಚ್‌ಡಿಎಲ್ ಸ್ವಲ್ಪ ಏರುತ್ತೆ, ಎಲ್‌ಡಿಎಲ್ ಮೇಲೆ ಪರಿಣಾಮ ಕಮ್ಮಿ. ಆದ್ದರಿಂದ "ನಾನು ವಾಕಿಂಗ್ ಹೋಗ್ತೀನಲ್ವಾ" ಅಂತ ತುಪ್ಪ ಜಾಸ್ತಿ ಹಾಕಿಕೊಳ್ಳಬೇಡಿ. ಲಾಲ್‌ಬಾಗ್‌ನಲ್ಲಿ ಅರ್ಧ ಗಂಟೆ ಬೆವರಿಳಿಸಿ, ಗೇಟಿನ ಹೊರಗೆ ಬಂದು ಒಂದು ಉದ್ದಿನ ವಡೆ ತಿಂದರೆ ಖರ್ಚಾದ ಕ್ಯಾಲೊರಿ ಹೆಚ್ಚುಕಡಿಮೆ ವಾಪಸ್ ಬಂತು. ವಾರಕ್ಕೆರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು ಕೂಡ ಮಾಡಿ. ನಡೆಯುವಾಗ ಎದೆ ಬಿಗಿದರೆ, ದವಡೆ ಅಥವಾ ಎಡಗೈ ನೋವು ಬಂದರೆ ಅಲ್ಲೇ ನಿಲ್ಲಿಸಿ, ಗ್ಯಾಸ್ ಅಂದುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಿ.

6. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ

ಅದೇ ಲ್ಯಾಬು, ಅದೇ ರೀತಿ ರಾತ್ರಿ ಊಟದ ನಂತರ 9ರಿಂದ 12 ಗಂಟೆ ಬರಿಹೊಟ್ಟೆ. ನೀರು ಕುಡಿಯಬಹುದು. ಹಿಂದಿನ ದಿನ ಮದುವೆ ಊಟ ಬೇಡ. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟಿದ್ದರೆ ಪಥ್ಯ ಶುರು ಮಾಡಿದೆ ಅಂತ ಅದನ್ನು ನಿಲ್ಲಿಸಬೇಡಿ. ಅಂಕಿ ಸರಿಹೋಯಿತು ಅಂತಲೂ ನಿಲ್ಲಿಸಬೇಡಿ, ಸರಿಹೋದದ್ದರಲ್ಲಿ ಮಾತ್ರೆಯ ಪಾಲೂ ಇದೆ.

ಹೊಸ ರಿಪೋರ್ಟ್ ಬಂದಾಗ ಅದರ ಅಂಚಿನಲ್ಲಿ ಪೆನ್ನಿನಿಂದ ಆ ಮೂರು ತಿಂಗಳಲ್ಲಿ ಮನೆಯಲ್ಲಿ ಖರ್ಚಾದ ಎಣ್ಣೆ, ತುಪ್ಪ, ತೆಂಗಿನಕಾಯಿ ಎಷ್ಟು ಅಂತ ಬರೆದಿಡಿ. ಡಾಕ್ಟರ ಹತ್ತಿರ ಹೋಗುವಾಗ ಅಡುಗೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.