ಸಂಪಾಜೆ ಘಾಟಿಯಲ್ಲಿ ನಿಂತುಹೋದ ನಮ್ಮ ಮನೆ-ಗಾಡಿ

ಹಳೇ ಮಿನಿಬಸ್ಸಿಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಹಾಕಿ ಮನೆ ಮಾಡಿಕೊಂಡಿದ್ದೇವೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ, ಮದೆನಾಡು ಬರುವ ಮೊದಲೇ ಎರಡು ಸಲ ಮುಗ್ಗರಿಸಿ ಆಫ್ ಆಯ್ತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಹಿಡಿಯೋದಿಲ್ಲ. ಹೊರಗೆ ಜಡಿಮಳೆ, ಒಳಗೆ ಅರ್ಧ ಬೆಂದ ಅನ್ನ.

ಮೊದಲು ಡೀಸೆಲ್ ಫಿಲ್ಟರ್ ಮೇಲೆ ಅನುಮಾನ. ಕೆಳಗಿನ ಸ್ಕ್ರೂ ಸಡಿಲಿಸಿ ಬಾಟಲಿಗೆ ಹಿಡಿದೆ. ನೀರು ಡೀಸೆಲ್‌ಗಿಂತ ಭಾರ ಅಲ್ವಾ, ತಳದಲ್ಲಿ ಬೆರಳಷ್ಟು ಕೂತಿತು. ಹೊಸ ಫಿಲ್ಟರ್ ಹಾಕಿ, ಅದಕ್ಕೆ ಡೀಸೆಲ್ ತುಂಬಿಸೋ ಕೈಪಂಪು ಒತ್ತಿದೆ. ಸ್ಟಾರ್ಟ್ ಆಯ್ತು. ಎರಡು ತಿರುವು ದಾಟಿ ಮತ್ತೆ ನಿಂತಿತು.

ಹಿಂದೆ ಬಂದ ಜೀಪಿನ ಅಣ್ಣ ಇಳಿದು ನೋಡಿದರು. "ಏರ್ ಎಳೀತಿದೆ ಸಾರ್. ಸುಮ್ನೆ ಇಂಜೆಕ್ಟರ್ ಗಿಂಜೆಕ್ಟರ್ ಮುಟ್ಬೇಡಿ." ಗಾಳಿ ಹೊರಬಿಡೋ ಏರ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಸೋಪಿನ ನೊರೆ ಥರ ಗುಳ್ಳೆ! ಟ್ಯಾಂಕಿನಿಂದ ಇಂಜಿನ್ ಪಂಪಿನವರೆಗೆ ಡೀಸೆಲ್ಲನ್ನು ಆ ಪಂಪೇ ಹೀರಿಕೊಳ್ಳುತ್ತದೆ. ಅದಕ್ಕೇ ಪೈಪು ಸೀಳಿದ್ದರೂ ಹೊರಗೆ ತೊಟ್ಟಿಕ್ಕಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ಘಾಟಿ ಹತ್ತುವಾಗ ಡೀಸೆಲ್ ಜಾಸ್ತಿ ಬೇಕು, ಎಳೆತವೂ ಜಾಸ್ತಿ. ಬಯಲು ರಸ್ತೆಯಲ್ಲಿ ಈ ಕಾಟವೇ ಇರಲಿಲ್ಲ.

ಕ್ಲಿಪ್ಪಿನ ಪಕ್ಕದಲ್ಲಿ ರಬ್ಬರ್ ಪೈಪು ಕೂದಲೆಳೆಯಷ್ಟು ಸೀಳಿತ್ತು. ಬಗ್ಗಿಸಿದಾಗ ಮಾತ್ರ ಕಾಣಿಸಿತು. ಆ ತುದಿ ಕತ್ತರಿಸಿ, ಕ್ಲಿಪ್ ಬಿಗಿದು, ಗುಳ್ಳೆ ನಿಲ್ಲುವವರೆಗೆ ಪಂಪ್ ಮಾಡಿ ಸ್ಕ್ರೂ ಮುಚ್ಚಿದೆವು. ಮಡಿಕೇರಿಯವರೆಗೆ ಗಾಡಿ ಕೆಮ್ಮಲೇ ಇಲ್ಲ. ಮರುದಿನ ಕುಶಾಲನಗರದಲ್ಲಿ ಪೂರ್ತಿ ಪೈಪು ಬದಲಿಸಿ, ಡೀಸೆಲ್ ಟ್ಯಾಂಕೂ ತೊಳೆಸಿದೆ. ಅನ್ನ ಮಾತ್ರ ಮುದ್ದೆಯಾಗಿತ್ತು.