ಪ್ಯಾಸೇಜ್, ಬಾಗಿಲು, ಅಡ್ಡಗೋಡೆ: ಇಟ್ಟಿಗೆ ಇಡುವ ಮೊದಲು

ಮೈಸೂರಿನ ಬಡಾವಣೆಗಳಲ್ಲಿ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸುವವರು ಹಾಲ್, ಅಡುಗೆಮನೆ, ಕೋಣೆಗಳ ಅಳತೆಯನ್ನು ಇಂಚಿಂಚೂ ಚರ್ಚಿಸುತ್ತಾರೆ. ನಡುವಿನ ಪ್ಯಾಸೇಜನ್ನು ಮಾತ್ರ ಉಳಿದ ಜಾಗವೆಂದು ಬಿಟ್ಟುಬಿಡುತ್ತಾರೆ. ದಿನಕ್ಕೆ ಹತ್ತಾರು ಬಾರಿ ಓಡಾಡುವುದು ಅಲ್ಲಿಯೇ ಆದ್ದರಿಂದ ಅದರ ಅಗಲವನ್ನೂ ಬಾಗಿಲುಗಳು ತೆರೆಯುವ ದಿಕ್ಕನ್ನೂ ಅಡ್ಡಗೋಡೆ ಏಳುವ ಮುನ್ನವೇ ನಿಶ್ಚಯಿಸಬೇಕು.

ನೆಲ ಸಮವಾದ ಮೇಲೆ ಗೋಡೆ ಬರುವ ಕಡೆಯೆಲ್ಲ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಿರಿ. ಬಾಗಿಲಿನ ಕೀಲು ಬರುವಲ್ಲಿ ಒಬ್ಬರು ದಾರದ ತುದಿ ಹಿಡಿದು ಕೂರಲಿ, ಇನ್ನೊಬ್ಬರು ಬಾಗಿಲಿನ ಅಗಲದಷ್ಟೇ ಉದ್ದದ ಆ ದಾರವನ್ನು ಸುತ್ತಿಸುತ್ತ ಪುಡಿ ಉದುರಿಸಲಿ. ಬಾಗಿಲು ಎಷ್ಟು ಜಾಗ ನುಂಗುತ್ತದೆಂಬುದು ಕಣ್ಣೆದುರೇ ಕಾಣುತ್ತದೆ. 3 ಅಡಿಯ ಬಾಗಿಲು 3½ ಅಡಿಯ ಪ್ಯಾಸೇಜಿಗೆ ತೆರೆದುಕೊಂಡರೆ ಉಳಿಯುವುದು ಅರ್ಧ ಅಡಿ. ಆದ್ದರಿಂದ ಕೋಣೆಯ ಬಾಗಿಲು ಕೋಣೆಯೊಳಕ್ಕೇ ತೆರೆದು ಗೋಡೆಗೆ ಒರಗಲಿ, ಸ್ವಿಚ್ ಬೋರ್ಡ್ ಅದರ ಹಿಂದೆ ಮರೆಯಾಗದಿರಲಿ. ವಯಸ್ಸಾದವರು ಬಳಸುವ ಬಚ್ಚಲಿನ ಬಾಗಿಲು ಮಾತ್ರ ಹೊರಕ್ಕೆ ತೆರೆಯುವುದು ಒಳ್ಳೆಯದು. ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತಳ್ಳಲು ಆಗುವುದಿಲ್ಲ.

ಪ್ಯಾಸೇಜಿನ ಅಗಲವನ್ನು ಗಾರೆ ಮುಗಿದ ಮೇಲಿನ ಅಳತೆಯಲ್ಲಿ ಹೇಳಿ. ನಮ್ಮ ಮನೆಯಲ್ಲಿ ಇಟ್ಟಿಗೆಯಿಂದ ಇಟ್ಟಿಗೆಗೆ 3 ಅಡಿ ಅಳೆದಿದ್ದೆವು; ಎರಡೂ ಕಡೆ ಗಾರೆ ಕೂತ ಮೇಲೆ ಅಮ್ಮನ ಬೀರು ತಿರುವಿನಲ್ಲಿ ಸಿಕ್ಕಿಕೊಂಡಿತು, ಹೊಸ ಗೋಡೆಯ ಮೂಲೆಯನ್ನು ಕೆತ್ತಬೇಕಾಯಿತು. ತಿರುವಿದ್ದರೆ 3½ ಅಡಿಗಿಂತ ಕಡಿಮೆ ಮಾಡಬೇಡಿ.

ಒಳಗಿನ ಗೋಡೆಗೆ ಸಾಮಾನ್ಯವಾಗಿ ನಾಲ್ಕೂವರೆ ಇಂಚು ಸಾಕು. ಮಹಡಿಯಲ್ಲಿ ಕೆಳಗೆ ಬೀಮ್ ಇಲ್ಲದ ಕಡೆ ಇಂಜಿನಿಯರರನ್ನು ಕೇಳದೆ ಇಟ್ಟಿಗೆ ಗೋಡೆ ಏರಿಸಬೇಡಿ. ಅಲ್ಲಿ ಹಗುರವಾದ ಜಿಪ್ಸಮ್ ಬೋರ್ಡ್ ಹಾಕಿಸಬಹುದು, ಆದರೆ ಭಾರದ ಶೆಲ್ಫ್ ಬರುವ ಜಾಗದಲ್ಲಿ ಒಳಗೆ ಪ್ಲೈವುಡ್ ಕೂರಿಸಲು ಮೊದಲೇ ಹೇಳಿರಬೇಕು. ಹಾಲ್ ಮತ್ತು ಊಟದ ಜಾಗದ ನಡುವೆ ಪೂರ್ತಿ ಗೋಡೆ ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ. ಮಂಡ್ಯದ ಕಡೆಯ ತೊಟ್ಟಿ ಮನೆಗಳಲ್ಲಿ ತೊಟ್ಟಿಯನ್ನೂ ಪಡಸಾಲೆಯನ್ನೂ ಬೇರ್ಪಡಿಸುವುದು ಸಾಲುಗಂಬಗಳೇ ಹೊರತು ಗೋಡೆಯಲ್ಲ, ಹಾಗಾಗಿಯೇ ಬೆಳಕು ಒಳಗಿನವರೆಗೂ ಹರಿಯುತ್ತದೆ. 3 ಅಡಿಯ ಮೋಟುಗೋಡೆಯೋ ಸುಟ್ಟ ಮಣ್ಣಿನ ತೂತುತೂತಿನ ಜಾಲಿಯೋ ಇಂದಿನ ಮನೆಯಲ್ಲಿ ಅದೇ ಕೆಲಸ ಮಾಡುತ್ತದೆ. ಜಾಲಿಗೆ ಧೂಳು ಕೂರುವುದರಿಂದ ಒಲೆಯ ಪಕ್ಕದಲ್ಲಿ ಬೇಡ. ಮಲಗುವ ಕೋಣೆಗೆ ಸದ್ದು ತಡೆಯುವ ಪೂರ್ತಿ ಗೋಡೆಯೇ ಬೇಕು.

ಪ್ಯಾಸೇಜಿಗೆ ಕಿಟಕಿ ಇಲ್ಲದಿದ್ದರೆ ಕೋಣೆಯ ಬಾಗಿಲ ಮೇಲೆ ಗಾಜಿನ ವೆಂಟಿಲೇಟರ್ ಇಡಿಸಿ, ಒಂದೇ ದೀಪವನ್ನು ಯಾವ ತುದಿಯಿಂದಲಾದರೂ ಹಾಕಿ ಆರಿಸಲು ಎರಡೂ ತುದಿಯಲ್ಲಿ ಟೂ-ವೇ ಸ್ವಿಚ್ ಹಾಕಿಸಿ.

ಹೆಬ್ಬಾಗಿಲಿಗೆ ತೇಗ ಅಥವಾ ಹೊನ್ನೆ, ಬಚ್ಚಲಿಗೆ ನೀರು ಹೀರದ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಬಾಗಿಲು ಒಳ್ಳೆಯದು. 7 ಅಡಿಯ ಮರದ ಬಾಗಿಲಿಗೆ ಮೂರು ಕೀಲು ಇರಲಿ. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಚೌಕಟ್ಟಿಗೂ ಬಾಗಿಲಿಗೂ ನಡುವೆ ಸುಮಾರು 3 ಮಿಲಿಮೀಟರ್ ಸಂದು ಬೇಕು. ಬಾಗಿಲನ್ನು ಕೂರಿಸುವ ಮೊದಲು, ಒರೆಸುವ ನೀರು ತಾಗುವ ಕೆಳಗಿನ ಅಂಚಿಗೂ ವಾರ್ನಿಶ್ ಬಿದ್ದಿದೆಯೇ ಎಂದು ಬಡಗಿಯ ಮುಂದೆಯೇ ಬಾಗಿಲನ್ನು ಮಗುಚಿ ನೋಡಿ.